ಕಸುಬು ದಾಟುವ ಊರು

ತೆಂಗಿನ ನಾರಿನ ಎರಡು ಎಳೆ ಸೇರಿಸಿ, ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ನಾನು ಹಗ್ಗ ಹೊಸೆಯುತ್ತಿದ್ದೆ. ಇಂಥ ಹೊತ್ತಿನಲ್ಲಿ ಯಾರು ಕರೆದರೂ ಏಳುವ ಹಾಗಿಲ್ಲ. ಎದ್ದರೆ ಹೊಸೆದದ್ದೆಲ್ಲ ಬಿಚ್ಚಿಕೊಳ್ಳುತ್ತದೆ. ಅದು ಗೊತ್ತಿದ್ದೂ ಇದಿನಬ್ಬ ಅಂಗಳದಲ್ಲಿ ನಿಂತು ಕೂಗಿದ.

"ಬಾಗಿಯಕ್ಕಾ, ಕಾಗದ ಬಂದಿದೆ! ಕಚೇರಿಯದ್ದು!"

"ಓದಿ ಹೇಳು."

"ನನಗೆ ಓದಲಿಕ್ಕೆ ಬರುತ್ತಿದ್ದರೆ ಈ ಬಿಸಿಲಲ್ಲಿ ನಿಮ್ಮ ಮನೆಗೆ ಯಾಕೆ ಬರ್ತಿದ್ದೆ?"

"ಹಾಗಾದರೆ ಈ ತುಂಡು ಮುಗಿಯುವ ತನಕ ಕೂತುಕೋ. ಮಜ್ಜಿಗೆ ಉಂಟು, ತೆಕ್ಕೊಂಡು ಕುಡಿ."

ಇದಿನಬ್ಬ ನಮ್ಮೂರಿನ ಮುಖಂಡ. ಎಷ್ಟೋ ವರ್ಷಗಳಿಂದ ಅವನೇ. ಊರಿನಲ್ಲಿ ಮಿಕ್ಕೆಲ್ಲ ಕೆಲಸ ದಾಟಿ ಹೋದರೂ ಮುಖಂಡತನ ಮಾತ್ರ ಅವನಲ್ಲೇ ಉಳಿದಿದೆ. ಅದು ಕೆಲಸವೇ ಅಲ್ಲವಲ್ಲ, ದಾಟುವುದು ಹೇಗೆ ಎಂದು ನನ್ನ ನೆರೆಯ ಮೊಂತಿನ್ ಹೇಳುತ್ತಾಳೆ, ಅವನ ಎದುರಿಗೇ.

ಹಗ್ಗಕ್ಕೆ ಗಂಟು ಹಾಕಿ, ಕೈ ಒರೆಸಿಕೊಂಡು ಕಾಗದ ಬಿಡಿಸಿದೆ. ಅಕ್ಷರಕ್ಕೆ ಅಕ್ಷರ ಕೂಡಿಸಿ ಜೋರಾಗಿ ಓದುವುದು ನನ್ನ ಅಭ್ಯಾಸ. ನಿಮ್ಮ ಊರಿನ ಆರ್ಥಿಕ ಮತ್ತು ಸಾಮುದಾಯಿಕ ವಿವರವನ್ನು ಕಳುಹಿಸುವಂತೆ ಹಲವು ವರ್ಷಗಳಿಂದ ಕೇಳಲಾಗುತ್ತಿದೆ. ಮಳೆಗಾಲಕ್ಕೆ ಮುಂಚಿನ ಕೊನೆಯ ಲಾಂಚಿನಲ್ಲಿ ವಿವರ ಬಾರದಿದ್ದರೆ ಅಂಥದೊಂದು ಊರು ಇಲ್ಲವೆಂದು ತಿಳಿದು, ಅಲ್ಲಿನ ರಾತ್ರಿ ಶಾಲೆಯನ್ನು ಬೇರೆಡೆಗೆ ವರ್ಗಾಯಿಸಲಾಗುವುದು. ಇಷ್ಟು ಓದುವಾಗ ನನ್ನ ಬಾಯಿ ಒಣಗಿತು. ಇದಿನಬ್ಬ ಕುಡಿದು ಉಳಿಸಿದ್ದ ಮಜ್ಜಿಗೆಯನ್ನೇ ಎತ್ತಿ ಕುಡಿದೆ.

"ಊರು ಇಲ್ಲ ಅಂತ ತಿಳಿದುಕೊಳ್ಳಲಿ ಬೇಕಾದರೆ," ಅಂದ ಅವನು. "ನಾವು ಇರುವುದಕ್ಕೆ ಅವರ ಅಪ್ಪಣೆ ಬೇಕಾ?"

"ಊರು ಹೇಗೂ ಇರ್ತದೆ. ಶಾಲೆ ಹೋಗ್ತದಲ್ಲ ಮಾರಾಯ."

ನಮ್ಮ ಊರಿನ ಒಂದು ಬದಿಗೆ ದೊಡ್ಡ ಸರೋವರ. ನಾವು ಅದನ್ನು ಒಳನೀರು ಅನ್ನುತ್ತೇವೆ. ಇನ್ನೊಂದು ಬದಿಗೆ ಸಮುದ್ರ, ಅದು ಹೊರನೀರು. ನಡುವೆ ಸೀರೆಯ ಅಂಚಿನಷ್ಟೇ ಅಗಲಕ್ಕೆ ಊರು. ಯಾವ ನೀರಿನ ಕಡೆಗೆ ಬಾಗಬೇಕೆಂದು ತಿಳಿಯದೆ ತೆಂಗಿನ ಮರಗಳು ಕೆಲವು ಹೀಗೆ, ಕೆಲವು ಹಾಗೆ ನಿಂತಿವೆ. ಒಳನೀರಿನ ಬದಿಯವರು ಮೊಣಕಾಲು ನೀರಿನಲ್ಲಿ ನಿಂತು ಮರುವಾಯಿ ಚಿಪ್ಪು ಹೆಕ್ಕುತ್ತಾರೆ, ದಡದಲ್ಲಿ ಬೆಳೆಯುವ ಮುಂಡುಗದ ಎಲೆಯಿಂದ ಚಾಪೆ ಹೆಣೆಯುತ್ತಾರೆ. ಹೊರನೀರಿನ ಬದಿಯವರು ಮೀನು ಹಿಡಿಯುತ್ತಾರೆ, ಒಣಗಿಸುತ್ತಾರೆ, ದೋಣಿ ಕಟ್ಟುತ್ತಾರೆ. ತೆಂಕಣ ತುದಿಯಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡುವ ಗೂಡು. ನಟ್ಟನಡುವೆ ಸಂತೆಯ ಜಾಗ, ಅದರ ಸುತ್ತ ಒಂದು ಮಸೀದಿ, ಒಂದು ಇಗರ್ಜಿ, ಒಂದು ನಾಗಬನ. ಮಸೀದಿಯ ಬಾಂಗಿನ ಹೊತ್ತಿಗೆ ಇಗರ್ಜಿಯ ಗಂಟೆ ನಿಲ್ಲುತ್ತದೆ, ಗಂಟೆಯ ಹೊತ್ತಿಗೆ ಬನದ ತಮಟೆ ನಿಲ್ಲುತ್ತದೆ. ಸಂತೆಯ ಗಲಾಟೆ ಮಾತ್ರ ಯಾವುದಕ್ಕೂ ನಿಲ್ಲುವುದಿಲ್ಲ.

ಒಳನೀರಿಗೂ ಹೊರನೀರಿಗೂ ನಡುವೆ ಬಡಗು ತುದಿಯಲ್ಲಿ ಮರಳಿನ ದಿಣ್ಣೆಯೊಂದು ಉಂಟು. ಮೊದಲ ಮಳೆಗೆ ಒಳನೀರು ಉಬ್ಬುತ್ತದೆ, ಉಬ್ಬಿ ಉಬ್ಬಿ ಒಂದು ದಿನ ದಿಣ್ಣೆಯನ್ನು ಒಡೆದುಕೊಂಡು ಸಮುದ್ರಕ್ಕೆ ನುಗ್ಗುತ್ತದೆ. ಅದನ್ನೇ ನಾವು ದಾಟು ಅನ್ನುತ್ತೇವೆ. ಅವತ್ತು ಊರಿನ ಕಸುಬುಗಳೆಲ್ಲ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುತ್ತವೆ. ಆ ಬೆಳಿಗ್ಗೆ ಎಲ್ಲರೂ ತಮ್ಮ ಗರಗಸ, ಹುಟ್ಟು, ಸೂಜಿ, ಸೌಟು, ಕ್ಷೌರದ ಕತ್ತಿಗಳನ್ನು ಜಗಲಿಯ ಮೇಲೆ ತಂದಿಟ್ಟು, ಶುಂಠಿ ಕಷಾಯ ಕುಡಿದು, ಕೈ ಏನನ್ನು ಕೇಳುತ್ತದೆ ಎಂದು ನೋಡುತ್ತಾರೆ. ಆಮೇಲೆ ಕೈ ಕೇಳಿದ್ದು ಯಾರ ಜಗಲಿಯಲ್ಲಿದೆಯೋ ಅಲ್ಲಿಗೆ ಹೋಗಿ ತೆಗೆದುಕೊಳ್ಳುತ್ತಾರೆ. ಹೆರಿಗೆ ಮಾಡಿಸುವ ಕೈ ಬಂದವರು ಮಾತ್ರ ಮೊದಲು ಓಡಿ ಹೋಗಿ ಇಗರ್ಜಿಯ ಗಂಟೆ ಹೊಡೆಯಬೇಕು. ದಿನ ತುಂಬಿದ ಬಸುರಿಯರು ಕಾಯುತ್ತಿರುತ್ತಾರಲ್ಲ.

ನಾನು ಸುಣ್ಣ ಸುಟ್ಟಿದ್ದೇನೆ, ತಲೆ ಬೋಳಿಸಿದ್ದೇನೆ, ಒಂದು ವರ್ಷ ಚೆಂಡೆ ಬಾರಿಸಿ ಊರಿನ ನಿದ್ದೆ ಕೆಡಿಸಿದ್ದೇನೆ. ಮದುವೆಯಾದ ವರ್ಷ ನನ್ನ ಗಂಡನಿಗೆ ಅಡಿಗೆಯ ಕೈ ಬಂದಿತ್ತು. ಅದೃಷ್ಟ ಮಾಡಿದ್ದೀ ಎಂದು ಎಲ್ಲ ಹೆಂಗಸರೂ ನನ್ನನ್ನು ನೋಡಿ ಹೊಟ್ಟೆ ಉರಿಸಿಕೊಂಡರು. ಮರುವರ್ಷ ಅವನು ಬಡಗಿಯಾದ. ಮನೆಯಲ್ಲಿ ಅನ್ನ ಬೇಯಿಸಲು ತಿಳಿದವರೇ ಇಲ್ಲದೆ ಮೊಂತಿನ್ ಮನೆಯಲ್ಲಿ ಉಂಡೆವು. ಅವನು ತೀರಿಹೋಗಿ ಬಹಳ ಕಾಲವಾಯಿತು. ಬಡಗಿಯಾಗಿದ್ದ ವರ್ಷ ಮಾಡಿದ ಮಂಚ ಇವತ್ತಿಗೂ ಕಿರ್ ಎನ್ನುವುದಿಲ್ಲ. ನಮ್ಮಲ್ಲಿ ಹೆಣ್ಣು ಕೊಡುವವರು ಹುಡುಗ ಏನು ಕೆಲಸ ಮಾಡುತ್ತಾನೆ ಎಂದು ಕೇಳುವುದಿಲ್ಲ. ಬಾರದ ಕೆಲಸ ಮೈಮೇಲೆ ಬಿದ್ದರೆ ಸಿಟ್ಟು ಮಾಡುತ್ತಾನಾ, ನಗುತ್ತಾನಾ ಎಂದು ಕೇಳುತ್ತಾರೆ. ಈ ವರ್ಷ ಹೆರಿಗೆಯ ಕೈ ಬಂದದ್ದು ಇದಿನಬ್ಬನಿಗೆ. ಅವನು ನಾಚಿ ಪರದೆಯ ಆಚೆ ಕುಳಿತು, ಕಣ್ಣು ಬೇರೆ ಮುಚ್ಚಿಕೊಂಡು, ಒಳಗಿದ್ದ ಮೊಂತಿನ್‌ಗೆ ಹೀಗೆ ಹಿಡಿ ಹಾಗೆ ಹಿಡಿ ಎಂದು ಹೇಳಿಕೊಡುತ್ತಿದ್ದ. ಮಗು ಅತ್ತ ಕೂಡಲೇ ಅವನೂ ಅಳುತ್ತಿದ್ದ. ಯಾರ ಅಳು ಯಾವುದೆಂದು ತಿಳಿಯದೆ ಬಾಣಂತಿಯರು ನಗುತ್ತಿದ್ದರು.

ಇಂಥ ಊರಿಗೆ ಕೆಲವು ವರ್ಷಗಳ ಹಿಂದೆ ವಾರಿಜಾ ಟೀಚರ್ ಬಂದರು. ಹೊರಗಿನವರು. ಪ್ರತಿ ವರ್ಷ ದಾಟಿಗೆ ಮುಂಚೆ ಕೊನೆಯ ಲಾಂಚು ಹತ್ತಿ ತಾಯಿಮನೆಗೆ ಹೋಗಿ, ಮಳೆ ಕಳೆದ ಮೇಲೆ ಮರಳುತ್ತಾರೆ. ದೀಪ ಹಚ್ಚುವ ಹೊತ್ತಿಗೆ ಒಣಮೀನಿನ ಕೊಟ್ಟಿಗೆಯಲ್ಲಿ ಅವರ ಶಾಲೆ. ನಾನು ಆಗಲೇ ತಲೆ ನರೆತವಳು. ನೋಡೋಣ ಎಂದು ಹೋಗಿ ಕುಳಿತೆ. ಮೊದಲ ಪುಸ್ತಕ ಮುಗಿಸುವಷ್ಟರಲ್ಲಿ ದಾಟು ಬಂತು. ಬೆಳಿಗ್ಗೆ ಎದ್ದವಳೇ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ಕಣ್ಣು ಮುಚ್ಚಿದೆ. ತೆರೆಯಲು ಧೈರ್ಯ ಬರಲಿಲ್ಲ. ತೆರೆದರೆ, ಅಕ್ಷರಗಳು ನನ್ನನ್ನು ಗುರುತು ಹಿಡಿದವು! ಸೋಮವಾರ ಎಂದು ಓದಿದೆ. ಮಂಗಳವಾರ ಎಂದು ಓದಿದೆ. ಹಗ್ಗ, ಸುಣ್ಣ, ಚೆಂಡೆ ಎಲ್ಲ ಬಂದು ಬಂದು ಹೋಗಿದ್ದವು; ಜೀವಮಾನದಲ್ಲಿ ಮೊದಲ ಸಲ ಒಂದು ನನ್ನಲ್ಲೇ ಉಳಿದಿತ್ತು. ಮಳೆ ಕಳೆದು ಮರಳಿ ಬಂದ ಟೀಚರಿಗೆ ಹೇಳಿದಾಗ, "ಮಿಕ್ಕದ್ದೆಲ್ಲ ನಿಮಗೆ ತಾನಾಗಿ ಬಂದದ್ದು ಬಾಗಿಯಕ್ಕ, ಇದು ನೀವೇ ನಡೆದು ಹೋಗಿ ತಂದದ್ದು," ಅಂದರು. ಅದು ಸರಿಯೋ ತಪ್ಪೋ ನನಗೆ ತಿಳಿಯದು. ಮರುದಿನದಿಂದ ಊರಿನ ಅರ್ಧದಷ್ಟು ಹೆಂಗಸರು ಕೊಟ್ಟಿಗೆಗೆ ಬಂದರು. ಮೊಂತಿನ್ ಮಾತ್ರ ಬಹಳ ತಡವಾಗಿ ಬಂದಳು. ನನಗೆ ಕಣ್ಣು ಕಾಣುವುದಿಲ್ಲ, ಸೊಂಟ ಬಾಗುವುದಿಲ್ಲ ಎಂದು ನೆವ ಹೇಳಿ ಹೇಳಿ, ಈ ವರ್ಷ ಬಂದು ಮೊದಲ ಸಾಲಿನಲ್ಲೇ ಕುಳಿತಳು. ಅವಳ ಕೈಗೆ ಇನ್ನೂ ಅರ್ಧ ಅಕ್ಷರಮಾಲೆಯಷ್ಟೇ ಸಿಕ್ಕಿತ್ತು. ಶಾಲೆ ಹೋದರೆ ಅವಳು ಅಲ್ಲಿಗೇ ನಿಲ್ಲುತ್ತಾಳೆ ಎಂಬುದೇ ಕಾಗದ ಓದಿದಾಗ ನನಗೆ ಮೊದಲು ನೆನಪಾದದ್ದು.

ವಿವರವನ್ನು ನಾವು ಹಿಂದೆ ಬರೆಯಲಿಲ್ಲವೆಂದಲ್ಲ. ಕಚೇರಿಯವರಿಗೆ ಪ್ರತಿ ಕಸುಬಿನ ಮುಂದೆ ಅದನ್ನು ಮಾಡುವವರ ಹೆಸರು ಬೇಕು. ಮನೆ ಮನೆಗೆ ಹೋಗಿ ಕೇಳಿ, ಜಗಳ ಬಿಡಿಸಿ, ಬರೆದು ಮುಗಿಸುವಷ್ಟರಲ್ಲಿ ದಾಟು ಬಂದು ಹೆಸರುಗಳೆಲ್ಲ ಸುಳ್ಳಾಗುತ್ತಿದ್ದವು. ಸುಳ್ಳು ಕಳುಹಿಸಬಾರದೆಂದು ಹರಿದು ಹಾಕುತ್ತಿದ್ದೆವು. ಇದಕ್ಕೆ ಕಾರಣ ಗೋಯಿಂದನ ಹೊಲಿಗೆ ಯಂತ್ರ. ಎಂದೋ ಒಬ್ಬ ಸರ್ವೆಯವನು ಬಂದು ದರ್ಜಿ ಗೋಯಿಂದ ಎಂದು ಬರೆದುಕೊಂಡು ಹೋಗಿದ್ದ. ಆ ಹೆಸರಿಗೆ ಕಚೇರಿಯಿಂದ ಯಂತ್ರ ಬಂದು ಇಳಿಯುವಾಗ ಗೋಯಿಂದ ಮನೆಗಳ ಮಾಡಿಗೆ ಸೋಗೆ ಹೊದೆಸುವವನಾಗಿದ್ದ, ಸೂಜಿ ಕಂಡರೆ ಹೆದರುತ್ತಿದ್ದ. ಆದರೆ ಕಾಗದದಲ್ಲಿ ಅವನ ಹೆಸರು ಉಂಟಲ್ಲ, ಬೇರೆಯವರು ಮುಟ್ಟಿದರೆ ತಪ್ಪಾದೀತು. ಅಂದಿನಿಂದ ದರ್ಜಿಯ ಕೈ ಬಂದವರು ಅವನ ಮನೆಗೆ ಹೋಗಿ ಹೊಲಿಯುತ್ತಾರೆ. ಹೊಲಿಯುವಷ್ಟು ಹೊತ್ತೂ ಗೋಯಿಂದ ಪಕ್ಕದಲ್ಲಿ ಕುಳಿತು ಯಂತ್ರದ ಮೇಲೆ ಒಂದು ಕೈ ಇಟ್ಟಿರುತ್ತಾನೆ. ನಡುವೆ ಊಟಕ್ಕೆ ಎದ್ದರೆ ಅವನ ಹೆಂಡತಿ ಬಂದು ಇಡುತ್ತಾಳೆ.

ಟೀಚರ್ ತಾವೇ ಬರೆದು ಕಳುಹಿಸಿದ್ದೂ ಉಂಟು. ತನ್ನ ಹುದ್ದೆಯ ಪರವಾಗಿ ತಾನೇ ಬರೆಯುವಂತಿಲ್ಲ, ಊರಿನವರೇ ಬರೆಯಬೇಕು ಎಂದು ಅದು ಹಿಂದೆ ಬಂತು. ಹಾಗಾಗಿ ಈ ಸಲ ಇದಿನಬ್ಬ ಸಂತೆಕಟ್ಟೆಯಲ್ಲಿ ಊರನ್ನು ಕೂಡಿಸಿ, ಬರೆಯುವವಳು ಬಾಗಿಯಕ್ಕ ಎಂದು ಸಾರಿದ. ನಾನು ಪೆನ್ನು ಹಿಡಿದು ಮೊದಲ ಪ್ರಶ್ನೆ ಓದಿದೆ. ನಿಮ್ಮದು ಸರೋವರ ತೀರದ ಊರೋ, ಸಮುದ್ರ ತೀರದ ಊರೋ?

"ಸಮುದ್ರದ್ದು!" ಅಂದರು ಅರ್ಧ ಜನ.

"ಹೌದಾ? ಹಾಗಾದರೆ ಇವತ್ತು ಸಂಜೆ ಸಮುದ್ರದ ನೀರಿನಲ್ಲೇ ಬೇಳೆ ಬೇಯಿಸಿ," ಅಂದರು ಉಳಿದವರು.

ಎರಡೂ ಎಂದು ಬರೆದೆ. ಮುಂದಿನದು, ಊರಿನ ಸಮುದಾಯಗಳು ಮತ್ತು ಅವುಗಳ ಪರಂಪರೆಯ ಕಸುಬು.

"ಪರಂಪರೆ ಅಂದರೆ ಎಂಥದು?" ಕೇಳಿದಳು ಮೊಂತಿನ್.

"ನಿನ್ನ ಅಜ್ಜಿ ಮಾಡಿದ್ದನ್ನೇ ನಿನ್ನ ಅಮ್ಮ ಮಾಡಿ, ಅದನ್ನೇ ನೀನೂ ಮಾಡುವುದು."

"ಅಂಥದ್ದು ನಮ್ಮಲ್ಲಿ ಎಲ್ಲುಂಟು?"

"ಯಾಕಿಲ್ಲ?" ಅಂದ ಇದಿನಬ್ಬ. "ನಿಮ್ಮ ಅಜ್ಜಿ ನನ್ನ ಅಜ್ಜನಿಗೆ ಬೈತಿದ್ದರು. ನಿಮ್ಮ ಅಮ್ಮ ನನ್ನ ಅಪ್ಪನಿಗೆ. ಈಗ ನೀವು ನನಗೆ. ಒಂದು ವರ್ಷವಾದರೂ ದಾಟಿದ್ದುಂಟಾ?"

ಕಟ್ಟೆಗೆ ಕಟ್ಟೆಯೇ ನಕ್ಕಿತು. ಮೊಂತಿನ್ ಎಲ್ಲರಿಗಿಂತ ಜೋರಾಗಿ ನಕ್ಕು, "ಬರೆ ಬಾಗಿ, ಬರೆ," ಅಂದಳು. "ಮುಖಂಡರಿಗೆ ಬೈಯುವುದು, ಅಂತ ಬರೆ. ತಲೆಮಾರಿನಿಂದ ನಡೆಸಿಕೊಂಡು ಬಂದಿದ್ದೇವೆ ಅಂತಲೂ ಸೇರಿಸು."

ಬಿಸಿಲಿನ ದಿನಗಳೆಲ್ಲ ನಾನು ಮನೆಯಿಂದ ಮನೆಗೆ ತಿರುಗಿದೆ. ಹೋದಲ್ಲೆಲ್ಲ ಅವಲಕ್ಕಿ, ಎಳನೀರು, ಸಿಗಡಿ ಚಟ್ನಿ. ಬರೆದದ್ದಕ್ಕಿಂತ ತಿಂದದ್ದೇ ಹೆಚ್ಚು. ಆದರೂ ಕೊನೆಯ ಲಾಂಚು ಹೊರನೀರಿನಲ್ಲಿ ಬಂದು ಲಂಗರು ಹಾಕಿದ ದಿನ ಸಂಜೆಗೆ ಶುದ್ಧ ಪ್ರತಿ ತಯಾರಾಯಿತು. ಲಾಂಚು ದಡಕ್ಕೆ ಬರುವುದಿಲ್ಲ. ಆಳದಲ್ಲಿ ನಿಲ್ಲುತ್ತದೆ, ನಾವು ದೋಣಿಯಲ್ಲಿ ಅಲ್ಲಿಗೆ ಹೋಗಬೇಕು. ಟೀಚರ್ ಟ್ರಂಕು ಹಿಡಿದು ದಡದಲ್ಲಿ ನಿಂತಿದ್ದರು. ದೋಣಿಯ ಹೊನ್ನಪ್ಪ ಹುಟ್ಟು ಹಿಡಿದು ಕಾಯುತ್ತಿದ್ದ. ಕಾಗದವನ್ನು ಅವರ ಕೈಗೆ ಕೊಡುವಷ್ಟರಲ್ಲಿ ಮೊಂತಿನ್ ಅಡ್ಡ ಬಂದಳು.

"ಕೆಳಗೆ ನನ್ನ ಹೆಸರು ನಾನೇ ಹಾಕ್ತೇನೆ."

ಮರಳಿನ ಮೇಲೆ ಕುಳಿತು, ಹಲಗೆಯ ತುಂಡನ್ನು ತೊಡೆಯ ಮೇಲಿಟ್ಟುಕೊಂಡು ಬರೆಯತೊಡಗಿದಳು. ಬಾಗದ ಸೊಂಟ ಬಾಗಿತ್ತು. ಉಸಿರು ಬಿಗಿಹಿಡಿದು ಒಂದೊಂದು ಗೆರೆ ಎಳೆದು, ಉಸಿರು ಬಿಟ್ಟು, ಮತ್ತೆ ಬಿಗಿಹಿಡಿಯುತ್ತಿದ್ದಳು. ಮಧ್ಯದ ಅಕ್ಷರಕ್ಕೆ ಬರುವಾಗ ಅಲೆ ಎದ್ದಿತು, ಇನ್ನು ನಿಂತರೆ ದೋಣಿ ಹೊರಡುವುದಿಲ್ಲ ಎಂದು ಹೊನ್ನಪ್ಪ ಕೂಗಿದ. ಅವಳನ್ನು ಅವಸರ ಮಾಡಲು ನನಗೆ ಮನಸ್ಸಾಗಲಿಲ್ಲ, ಟೀಚರಿಗಂತೂ ಆಗಲೇ ಇಲ್ಲ. "ಆಕಾಶ ಇನ್ನೂ ಬೆಳ್ಳಗೇ ಉಂಟು," ಅಂದರು ಅವರು ದೋಣಿ ಹತ್ತುತ್ತ. "ಲಾಂಚು ಹೊರಡುವುದು ಬೆಳಿಗ್ಗೆ. ಹೊನ್ನಪ್ಪನ ಕೈಯಲ್ಲಿ ಕಳಿಸಿಕೊಡಿ."

ನಮ್ಮ ಮೇಲಿನ ಆಕಾಶ ಬೆಳ್ಳಗೇ ಇತ್ತು. ಮಳೆ ಸುರಿದದ್ದು ಮೂಡಣ ಬೆಟ್ಟಗಳಲ್ಲಿ. ಬೆಳಗಾಗುವಾಗ ಬಡಗು ತುದಿಯಿಂದ ಭೋರ್ ಎನ್ನುವ ಸದ್ದು ಕೇಳಿ ಊರಿಗೆ ಊರೇ ಎಚ್ಚರವಾಯಿತು. ದಿಣ್ಣೆ ಒಡೆದಿತ್ತು.

ನಾನು ಕ್ಯಾಲೆಂಡರಿಗೆ ಓಡಿದೆ. ಅಕ್ಷರ ಇದ್ದವು. ಅಷ್ಟು ಸಾಕೆಂದು ಕಾಗದ ತೆಗೆದುಕೊಂಡು, ಕಷಾಯವನ್ನೂ ಕುಡಿಯದೆ ದಡಕ್ಕೆ ಹೊರಟೆ. ದಾರಿಯುದ್ದಕ್ಕೂ ಜಗಲಿಗಳಲ್ಲಿ ಸಾಮಾನು ಇಟ್ಟಾಗಿತ್ತು. ಜನ ಅದನ್ನು ಮುಟ್ಟಿ ಇದನ್ನು ಎತ್ತಿ, ಅಯ್ಯೋ ನನಗೆ ಕಡುಬು ಬಂತು, ನನಗೆ ಕುಲುಮೆ ಬಂತು ಎಂದು ಕೂಗಿ ಹೇಳಿಕೊಳ್ಳುತ್ತಿದ್ದರು. ಇಗರ್ಜಿಯ ಗಂಟೆ ಢಣಢಣ ಹೊಡೆಯಿತು. ಹಗ್ಗ ಹಿಡಿದು ಜಗ್ಗುತ್ತಿದ್ದವಳು ಮೊಂತಿನ್. ಕೆಳಗೆ ನಿಂತಿದ್ದ ಇದಿನಬ್ಬ ಎರಡೂ ಕೈ ಮೇಲೆತ್ತಿ ದೇವರಿಗೆ ಶುಕ್ರು ಹೇಳುತ್ತಿದ್ದ. ಅವನ ಕೊರಳಲ್ಲಿ ಅರ್ಧ ಕಟ್ಟಿದ ಮಲ್ಲಿಗೆ ಮಾಲೆ.

"ಇದು ಯಾಕೆ?" ಕೇಳಿದೆ.

"ಕೈ ಕೇಳಿತು, ಕಟ್ಟಿದೆ," ಅಂದ ನಾಚುತ್ತ. "ಇಡಲಿಕ್ಕೆ ಜಾಗ ಇರಲಿಲ್ಲ."

ದಡದಲ್ಲಿ ಹೊನ್ನಪ್ಪ ದೋಣಿಯ ಒಳಗೆ ಹಿಂದುಮುಂದಾಗಿ ಕುಳಿತು, ಹುಟ್ಟನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಅದರ ಅಂಚನ್ನು ಬೆರಳಿನಿಂದ ಸವರಿ ನೋಡುತ್ತಿದ್ದ. ಅವನಿಗೆ ಕ್ಷೌರದ ಕೈ ಬಂದಿತ್ತು. ದೋಣಿಯ ಕೈ ಯಾರಿಗೆ ಎಂದು ಕೂಗಿದೆವು. ಯಾರೂ ಬರಲಿಲ್ಲ. ದೂರದಲ್ಲಿ ಲಾಂಚು ಮೊದಲ ಸಿಳ್ಳೆ ಹಾಕಿತು.

"ಹೋಗಲಿ ಬಿಡಿ ಬಾಗಿಯಕ್ಕ," ಅಂದ ಗೋಯಿಂದ. "ಹೇಗೂ ಬರೆದದ್ದೆಲ್ಲ ಸುಳ್ಳಾಯಿತಲ್ಲ. ಹೊನ್ನಪ್ಪ ಈಗ ದೋಣಿಯವನಾ? ಅಲ್ಲ. ಹರಿದು ಹಾಕಿ. ಬರುವ ವರ್ಷ ನೋಡುವ."

ಸುತ್ತ ನಿಂತವರು ಹೌದು ಹೌದು ಅಂದರು. ಪ್ರತಿ ವರ್ಷವೂ ಹೀಗೇ ಅಂದವರು. ನಾನೂ ಅವರಲ್ಲಿ ಒಬ್ಬಳಾಗಿದ್ದೆ. ಆಗ ಮೊಂತಿನ್ ಏದುಸಿರು ಬಿಡುತ್ತ ಬಂದು ನನ್ನ ಕೈಯ ಕಾಗದ ನೋಡಿದಳು. ಬೈಯಲಿಲ್ಲ. ಅವಳು ಬೈಯದೇ ಇದ್ದದ್ದನ್ನು ನಾನು ಕಂಡದ್ದು ಅದೇ ಮೊದಲು.

"ಹರಿಯುವುದಾದರೆ ನನ್ನ ಹೆಸರಿನ ತುಂಡನ್ನು ನನಗೆ ಕೊಡು," ಅಂದಳು.

ಗೋಯಿಂದ ತಲೆ ತಗ್ಗಿಸಿದ. ನಾನು ಸೊಂಟದಿಂದ ಪೆನ್ನು ತೆಗೆದು, ಕವುಚಿ ಹಾಕಿದ್ದ ಇನ್ನೊಂದು ದೋಣಿಯ ಬೆನ್ನಿನ ಮೇಲೆ ಕಾಗದ ಇಟ್ಟು, ಅವಳ ಸಹಿಯ ಕೆಳಗೆ ಉಳಿದಿದ್ದ ಜಾಗದಲ್ಲಿ ಬರೆದೆ. ಬರೆದದ್ದನ್ನು ಊರಿಗೆ ಓದಿ ಹೇಳಿದೆ.

"ಮೇಲಿನ ಹೆಸರುಗಳು ನಿನ್ನೆಯವರೆಗೆ ನಿಜ. ಇವತ್ತು ಕಸುಬುಗಳೂ ಇವೆ, ಜನರೂ ಇದ್ದೇವೆ, ಯಾರಿಗೆ ಯಾವುದೆಂದು ಮಧ್ಯಾಹ್ನದ ಊಟದೊಳಗೆ ತಿಳಿಯುತ್ತದೆ. ಪ್ರತಿ ವರ್ಷವೂ ಹೀಗೆಯೇ. ಮೀನು, ಚಾಪೆ, ಸುಣ್ಣ ಇಲ್ಲಿ ಎಂದೂ ತಪ್ಪಿಲ್ಲ. ಹೆರಿಗೆಗೆ ಜನ ಸಿಗದೆ ಯಾವ ತಾಯಿಯೂ ಕಷ್ಟಪಟ್ಟಿಲ್ಲ. ನಮ್ಮಲ್ಲಿ ಶಾಲೆಗೆ ಹೋಗುವವರು ಬಹಳ ಇದ್ದಾರೆ. ಅವರ ಹೆಸರುಗಳು ಬರುವ ವರ್ಷವೂ ಅವೇ ಇರುತ್ತವೆ."

"ಇದರಲ್ಲಿ ಸುಳ್ಳು ಉಂಟಾ?" ಕೇಳಿದೆ.

"ಇಲ್ಲ," ಅಂದ ಗೋಯಿಂದ. "ಆದರೆ ಯಂತ್ರದ ವಿಷಯವನ್ನೂ ಒಂದು ಗೆರೆ ಹಾಕಬಹುದಿತ್ತು. ಕೂತು ಕೂತು ಬೆನ್ನು ನೋವು."

ಲಾಂಚು ಇನ್ನೊಂದು ಸಿಳ್ಳೆ ಹಾಕಿತು. ದೋಣಿ ನಡೆಸುವವರಿಲ್ಲ. ಆದರೂ ಹತ್ತಿ ಕುಳಿತರೆ ಏನಾದರೂ ತೋಚೀತೆಂದು ಹೊನ್ನಪ್ಪನನ್ನು ಎಬ್ಬಿಸಿ, ಹುಟ್ಟನ್ನು ಪಕ್ಕಕ್ಕೆ ಸರಿಸಲೆಂದು ಹಿಡಿದೆ. ಬಿಡಲಾಗಲಿಲ್ಲ. ಅಂಗೈಯಿಂದ ಹೆಗಲವರೆಗೆ ಏನೋ ಬೆಚ್ಚಗೆ ಏರಿತು. ನೀರು ಎಲ್ಲಿ ಆಳ, ಅಲೆ ಎಲ್ಲಿ ಮಡಚುತ್ತದೆ, ಯಾವುದಕ್ಕೆ ಕಾಯಬೇಕು, ಯಾವುದಕ್ಕೆ ಕಾಯಬಾರದು, ಎಲ್ಲ ನನಗೆ ಗೊತ್ತಿತ್ತು. ಬೆಳಿಗ್ಗೆಯಿಂದ ಕಾಗದವನ್ನೇ ಹಿಡಿದುಕೊಂಡಿದ್ದ ಕೈಗೆ ಏನು ಬೇಕೆಂದು ನಾನು ಕೇಳಿಯೇ ಇರಲಿಲ್ಲ.

"ದೂಡಿ!" ಅಂದೆ.

"ಈ ವಯಸ್ಸಿಗಾ?" ಅಂದರು ಯಾರೋ.

"ವಯಸ್ಸು ಆಮೇಲೆ ನೋಡುವ. ದೂಡಿ!"

ನೀರು ಹೊರಹಾಕಲು ಒಬ್ಬರು ಬೇಕಿತ್ತು. ಇದಿನಬ್ಬ ಮಾಲೆಯ ಸಮೇತ ಹತ್ತಿದ. ಊರೆಲ್ಲ ಸೇರಿ ದೂಡಿತು. ಒಳನೀರು ಕೆಂಪಗೆ ಹರಿದು ಬಂದು ಹಸಿರು ಸಮುದ್ರಕ್ಕೆ ಸೇರುವ ಕಡೆ ದೋಣಿಯ ಮೂತಿ ಆಕಾಶಕ್ಕೆ ಎದ್ದಿತು. ಇದಿನಬ್ಬ ತಂಬಿಗೆ ಬಿಟ್ಟು ಎರಡೂ ಅಂಚು ಹಿಡಿದುಕೊಂಡ.

"ಬಾಗಿಯಕ್ಕಾ, ನಿಮಗೆ ಈಜು ಬರ್ತದಾ?"

"ಇಲ್ಲ. ಅದು ಇನ್ನೂ ಯಾವ ವರ್ಷವೂ ಬಂದಿಲ್ಲ."

"ಯಾ ಅಲ್ಲಾ!"

ನಾನು ನಗುತ್ತಿದ್ದೆ. ಅಲೆ ನಮ್ಮನ್ನು ಎತ್ತಿತು, ಇಳಿಸಿತು, ಮತ್ತೆ ಎತ್ತಿತು. ಎತ್ತಿದಾಗಲೆಲ್ಲ ಊರು ಪೂರ್ತಿಯಾಗಿ ಕಾಣುತ್ತಿತ್ತು. ಎರಡು ನೀರಿನ ನಡುವೆ ಅಷ್ಟೇ ಅಗಲ, ಅದರ ತುಂಬ ಜನ, ಒಬ್ಬರಿಂದೊಬ್ಬರು ಸಾಮಾನು ಇಸಿದುಕೊಳ್ಳುತ್ತ ಓಡಾಡುತ್ತಿದ್ದರು. ಇಷ್ಟು ವರ್ಷ ಅಲ್ಲೇ ಇದ್ದು ನಾನು ಅದನ್ನು ಹೊರಗಿನಿಂದ ನೋಡಿರಲಿಲ್ಲ.

ಲಾಂಚಿನ ಯಂತ್ರ ಆಗಲೇ ಗುಡುಗುಡು ಎನ್ನುತ್ತಿತ್ತು. ಟೀಚರ್ ಕಟಕಟೆ ಹಿಡಿದು ಬಗ್ಗಿದರು.

"ಬಾಗಿಯಕ್ಕಾ! ನೀವಾ? ಹೊನ್ನಪ್ಪ ಎಲ್ಲಿ?"

"ಗಡ್ಡ ಹೆರೆಯಲಿಕ್ಕೆ ಕೂತಿದ್ದಾನೆ. ಈ ವರ್ಷಕ್ಕೆ ದೋಣಿ ನನ್ನದು."

ಅವರು ಹಗ್ಗ ಕಟ್ಟಿದ ಬಾಲ್ದಿಯೊಂದನ್ನು ಇಳಿಬಿಟ್ಟರು. ಕಾಗದವನ್ನು ಕುಪ್ಪಸದೊಳಗಿಂದ ತೆಗೆದು ಅದರಲ್ಲಿಟ್ಟೆ. ಗಾಳಿಗೆ ಹಾರದಿರಲೆಂದು ಇದಿನಬ್ಬ ಕೊರಳಿನ ಮಾಲೆ ತೆಗೆದು ಮೇಲಿಟ್ಟ. ಬಾಲ್ದಿ ತೂಗಾಡುತ್ತ ಮೇಲೇರಿತು. ಟೀಚರ್ ಕಾಗದ ಬಿಡಿಸಿ, ನಿಂತಲ್ಲೇ ಕೊನೆಯವರೆಗೆ ಓದಿದರು. ಏನೂ ತಿದ್ದಲಿಲ್ಲ. ಮಡಚಿ ಲಕೋಟೆಗೆ ಹಾಕಿ, ಅಂಚೆ ಚೀಲ ಹಿಡಿದು ನಿಂತಿದ್ದ ಗುಮಾಸ್ತನ ಕೈಗೆ ಕೊಟ್ಟು, ಬಾಯಿಗೆ ಕೈ ಅಡ್ಡ ಇಟ್ಟು ಕೂಗಿದರು.

"ಮೊಂತಿನ್ ಬಾಯಿಯವರಿಗೆ ಹೇಳಿ, ಹೆಸರು ಚೆಂದ ಬಂದಿದೆ ಅಂತ! ಉಳಿದ ಅಕ್ಷರ ಮಳೆ ಕಳೆದ ಮೇಲೆ!"

ಗುಮಾಸ್ತ ಲಕೋಟೆಯನ್ನು ಚೀಲಕ್ಕೆ ಹಾಕಿ ಬಾಯಿ ಕಟ್ಟಿದ. ಲಾಂಚು ಸಿಳ್ಳೆ ಹಾಕಿ ತಿರುಗಿತು.